ತಪ್ಪು ಹುಡುಕಿ ಅಂದರೆ ಮಕ್ಕಳು ಕಾಗುಣಿತ ತಿದ್ದಿಕೊಟ್ಟರು! ಎಐ ಇಟ್ಟುಕೊಂಡು ಯೋಚನೆ ಮಾಡುವುದನ್ನು ಕಲಿಸುವುದು ಹೇಗೆ?

ವಿಜ್ಞಾನದ ಟೀಚರ್:

ಎಲ್ಲರಿಗೂ ನಮಸ್ಕಾರ. ಎಂಟನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಸಹಿಸಿಕೊಳ್ಳಿ.

"ವಿಮರ್ಶಾತ್ಮಕ ಚಿಂತನೆ ಬೆಳೆಸಿ" ಅಂತ ಪ್ರತಿ ತರಬೇತಿಯಲ್ಲೂ ಹೇಳುತ್ತಾರೆ. ಹೇಗೆ ಅಂತ ಕೇಳಿದರೆ ಇನ್ನೊಂದು ಸ್ಲೈಡ್ ತೋರಿಸುತ್ತಾರೆ. ಈಗ ಅದಕ್ಕೆ "ಎಐ ಬಳಸಿ" ಅಂತಲೂ ಸೇರಿಕೊಂಡಿದೆ. ಸರಿ, ನೋಡೇ ಬಿಡೋಣ ಅಂತ ಕಳೆದ ವಾರ ಒಂದು ಪ್ರಯೋಗ ಮಾಡಿದೆ.

ಋತುಗಳು ಯಾಕೆ ಬದಲಾಗುತ್ತವೆ ಅನ್ನುವ ಪಾಠ. ಎಐ ಹತ್ತಿರ ಒಂದು ಪುಟದ ವಿವರಣೆ ಬರೆಸಿದೆ, ಬೇಕಂತಲೇ ಮೂರು ತಪ್ಪು ಸೇರಿಸು ಅಂದೆ. ಒಂದು, ಬೇಸಿಗೆಯಲ್ಲಿ ಭೂಮಿ ಸೂರ್ಯನಿಗೆ ಹತ್ತಿರ ಬರುತ್ತದೆ, ಅದಕ್ಕೇ ಸೆಕೆ. ಎರಡು, ಭೂಮಿಯ ಅಕ್ಷದ ಓರೆ 32.5 ಡಿಗ್ರಿ. ಮೂರು, ಜೂನ್ 21ರ ಹೊತ್ತಿಗೆ ದಕ್ಷಿಣಾರ್ಧಗೋಳದಲ್ಲಿ ಹಗಲು ಅತಿ ಉದ್ದ. ಪ್ರಿಂಟ್ ತೆಗೆದು ಹಂಚಿದೆ. "ಇದರಲ್ಲಿ ತಪ್ಪುಗಳಿವೆ, ಹುಡುಕಿ" ಅಂದೆ.

ಇಡೀ ತರಗತಿ ಎರಡನೆಯದನ್ನು ಹಿಡಿಯಿತು. 23.5 ಅಂತ ಪುಸ್ತಕದಲ್ಲಿದೆ, ಬಾಯಿಪಾಠ ಆಗಿದೆ, ಅಷ್ಟೇ. ಮೂರನೆಯದನ್ನು ಇಬ್ಬರು ಹಿಡಿದರು. ಮೊದಲನೆಯದನ್ನು, ಇಡೀ ಪಾಠದ ಬುಡವೇ ಆಗಿರುವ ತಪ್ಪನ್ನು, ಒಬ್ಬರೂ ಮುಟ್ಟಲಿಲ್ಲ. ಉಳಿದ ಸಮಯದಲ್ಲಿ ಕಾಗುಣಿತ ತಿದ್ದಿದರು, ಒಬ್ಬ ಹುಡುಗ ಅಲ್ಪವಿರಾಮಗಳನ್ನೆಲ್ಲ ಸರಿ ಮಾಡಿಕೊಟ್ಟ.

ಎಐ ತಪ್ಪು ಮಾಡುತ್ತದೆ, ಮಕ್ಕಳು ಅದನ್ನು ಹುಡುಕಲಿ, ಹಾಗೆ ಪ್ರಶ್ನೆ ಮಾಡುವ ಬುದ್ಧಿ ಬರುತ್ತದೆ. ಎಲ್ಲ ಕಡೆ ಕೇಳುವ ಸಲಹೆ ಇದೇ. ನನಗೇನೋ ಕೈ ಹಿಡಿಯಲಿಲ್ಲ. ಯಾರಾದರೂ ನಿಜವಾಗಿ ತರಗತಿಯಲ್ಲಿ ಮಾಡಿ ನೋಡಿದವರು ಇದ್ದರೆ ಹೇಳಿ.

ಇತಿಹಾಸದ ಮೇಷ್ಟ್ರು:

ಮೇಡಂ, ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಮಕ್ಕಳು ಸರಿಯಾಗೇ ಮಾಡಿದ್ದಾರೆ. ಗೊತ್ತಿರುವುದರಲ್ಲಿ ತಪ್ಪು ಕಾಣುತ್ತದೆ, ಗೊತ್ತಿಲ್ಲದ್ದರಲ್ಲಿ ಹೇಗೆ ಕಾಣಬೇಕು? ಮೊದಲನೆಯ ತಪ್ಪನ್ನು ಅವರು ತಪ್ಪು ಅಂತ ನೋಡಲೇ ಇಲ್ಲ, ಯಾಕೆಂದರೆ ಅವರ ತಲೆಯಲ್ಲಿ ಇರುವುದೂ ಅದೇ. ಎಐ ಅವರ ಮನಸ್ಸಿನ ಮಾತನ್ನೇ ಚೆನ್ನಾಗಿ ಬರೆದುಕೊಟ್ಟಿತು.

ಡ್ಯಾನಿಯಲ್ ವಿಲ್ಲಿಂಗ್‌ಹ್ಯಾಮ್ ಅನ್ನುವ ಮನಃಶಾಸ್ತ್ರಜ್ಞರು 2007ರಲ್ಲೇ ಇದನ್ನು ಬರೆದಿದ್ದರು. ವಿಮರ್ಶೆ ಮಾಡುವುದು ಸೈಕಲ್ ಹೊಡೆದ ಹಾಗೆ ಒಮ್ಮೆ ಕಲಿತರೆ ಎಲ್ಲ ಕಡೆ ಓಡುವ ವಿದ್ಯೆ ಅಲ್ಲ, ಆಯಾ ವಿಷಯದ ತಿಳಿವಳಿಕೆಗೆ ಅಂಟಿಕೊಂಡಿರುತ್ತದೆ ಅಂತ. ಹಾಗಾಗಿ "ಎಐ ಇದೆಯಲ್ಲ, ಇನ್ನು ಮಾಹಿತಿ ಯಾಕೆ ಕಲಿಯಬೇಕು, ಯೋಚನೆ ಕಲಿತರೆ ಸಾಕು" ಅನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಯೋಚನೆಗೆ ಏನಾದರೂ ಸಾಮಾನು ಬೇಕಲ್ವಾ? ಖಾಲಿ ಒರಳಿನಲ್ಲಿ ಏನು ರುಬ್ಬುತ್ತೀರಿ?

ಕೋಡು ಕುಟ್ಟುವವ:

ಮೇಷ್ಟ್ರೇ, ಒಪ್ಪಿದೆ. ಆದರೆ ಒಂದು ವಿಷಯ ಸೇರಿಸುತ್ತೇನೆ. ಮಕ್ಕಳಿಗೆ ವಿಷಯ ಗೊತ್ತಿದ್ದರೂ ಎಐ ತಪ್ಪು ಹಿಡಿಯುವುದು ಕಷ್ಟವೇ. ಮನುಷ್ಯ ಸುಳ್ಳು ಹೇಳುವಾಗ ತಡವರಿಸುತ್ತಾನೆ, ಗೊತ್ತಿಲ್ಲದಿದ್ದರೆ ಗೊಣಗುತ್ತಾನೆ. ಎಐ ಮುಂದಿನ ಪದ ಯಾವುದು ಬಂದರೆ ಹೊಂದುತ್ತದೆ ಅಂತ ಲೆಕ್ಕ ಹಾಕುತ್ತಾ ಹೋಗುತ್ತದೆ. ಸರಿ ಇದ್ದರೂ ಅದೇ ದನಿ, ತಪ್ಪಿದ್ದರೂ ಅದೇ ದನಿ. ನಾವು ಚಿಕ್ಕಂದಿನಿಂದ ದನಿ ನೋಡಿ ನಂಬುವುದನ್ನು ಕಲಿತವರು.

2023ರಲ್ಲಿ ನ್ಯೂಯಾರ್ಕ್‌ನಲ್ಲಿ ವಕೀಲರು ಚಾಟ್‌ಜಿಪಿಟಿ ಕೊಟ್ಟ ಹಳೆಯ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟರು. ನೋಡಿದರೆ ಅಂಥ ತೀರ್ಪುಗಳೇ ಇಲ್ಲ. ನ್ಯಾಯಾಧೀಶರು 5,000 ಡಾಲರ್ ದಂಡ ಹಾಕಿದರು. ಮಜಾ ಏನು ಗೊತ್ತಾ? ಅದಕ್ಕೂ ಮೊದಲು ಆ ವಕೀಲರು "ಇದು ನಿಜವಾದ ಕೇಸಾ?" ಅಂತ ಚಾಟ್‌ಜಿಪಿಟಿಯನ್ನೇ ಕೇಳಿದ್ದರು. ಹೌದು ಅಂದಿತು. ವಿಷಯ ಗೊತ್ತಿದ್ದವರು, ವರ್ಷಗಟ್ಟಲೆ ಕೋರ್ಟು ನೋಡಿದವರು. ಅವರಿಗೇ ಹೀಗಾದರೆ ಎಂಟನೇ ತರಗತಿಯ ಮಕ್ಕಳ ಕಥೆ ಏನು?

ಇತಿಹಾಸದ ಮೇಷ್ಟ್ರು:

ಕಳ್ಳನನ್ನೇ ಸಾಕ್ಷಿಗೆ ಕರೆದ ಹಾಗಾಯಿತು. ನಾನು ತರಗತಿಯಲ್ಲಿ ಹೇಳುವುದೂ ಇದನ್ನೇ. ಪುಟದ ಒಳಗೇ ಕೂತು ಪುಟ ನಿಜವೋ ಸುಳ್ಳೋ ನೋಡಬೇಡಿ, ಎದ್ದು ಹೊರಗೆ ಹೋಗಿ ವಿಚಾರಿಸಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸ್ಯಾಮ್ ವೈನ್‌ಬರ್ಗ್ ಅವರ ತಂಡ 10 ಇತಿಹಾಸಕಾರರು, 10 ವೃತ್ತಿಪರ ಸತ್ಯಶೋಧಕರು (ಸುದ್ದಿ ನಿಜವೋ ಸುಳ್ಳೋ ಪರೀಕ್ಷಿಸುವವರು), 25 ವಿದ್ಯಾರ್ಥಿಗಳು, ಇಷ್ಟು ಜನರನ್ನು ವೆಬ್‌ಸೈಟುಗಳ ಮುಂದೆ ಕೂರಿಸಿ ನೋಡಿತ್ತು. ನಮ್ಮ ಜಾತಿಯವರು, ಅಂದರೆ ಇತಿಹಾಸಕಾರರು, ಪುಟವನ್ನು ಮೇಲಿಂದ ಕೆಳಗೆ ಶ್ರದ್ಧೆಯಿಂದ ಓದಿ ಎಷ್ಟೋ ಸಲ ಮೋಸಹೋದರು. ಸತ್ಯಶೋಧಕರು ಎರಡು ಸಾಲು ಓದಿ ಹೊಸ ಟ್ಯಾಬ್ ತೆರೆದು "ಇವರು ಯಾರು, ಬೇರೆಯವರು ಇವರ ಬಗ್ಗೆ ಏನಂತಾರೆ" ಅಂತ ಹುಡುಕಿದರು. ಅವರೇ ಗೆದ್ದರು. ಪಕ್ಕಕ್ಕೆ ಹೋಗಿ ಓದುವುದು ಅಂತ ನಾನು ಮಕ್ಕಳಿಗೆ ಹೇಳುತ್ತೇನೆ.

ಎಐ ಉತ್ತರದಲ್ಲಿ ತೊಂದರೆ ಏನೆಂದರೆ ಎಷ್ಟೋ ಸಲ ಪಕ್ಕಕ್ಕೆ ಹೋಗಲು ಯಾರ ಹೆಸರೂ ಇರುವುದಿಲ್ಲ. ಹಾಗಾಗಿ ನಾನು ಒಂದೇ ಕೆಲಸ ಕೊಡುತ್ತೇನೆ. ಉತ್ತರದಿಂದ ಒಂದೇ ಒಂದು ವಾಕ್ಯ ಆರಿಸಿಕೊಳ್ಳಿ, ಅದು ಎಐ ಇಲ್ಲದೆ ಬೇರೆ ಎರಡು ಕಡೆ ಸಿಗುತ್ತಾ ನೋಡಿ ಬನ್ನಿ. ಇಡೀ ಉತ್ತರ ಪರೀಕ್ಷಿಸಿ ಅಂದರೆ ಯಾರೂ ಮಾಡುವುದಿಲ್ಲ. ಒಂದು ವಾಕ್ಯ ಅಂದರೆ ಮಾಡುತ್ತಾರೆ.

ಎರಡು ಮಕ್ಕಳ ಅಮ್ಮ:

ನೀವೆಲ್ಲ ದೊಡ್ಡ ದೊಡ್ಡ ಮಾತಾಡುತ್ತಿದ್ದೀರಿ, ನನ್ನದು ಸಣ್ಣ ಕಷ್ಟ. ದೊಡ್ಡವನು ಹೋಂವರ್ಕ್ ಪ್ರಶ್ನೆಯ ಫೋಟೋ ತೆಗೆದು ಹಾಕುತ್ತಾನೆ, ಬಂದದ್ದನ್ನು ಬರೆದುಕೊಳ್ಳುತ್ತಾನೆ. "ಅಮ್ಮ, ನಂಗೆ ಅರ್ಥ ಆಯ್ತು" ಅಂತಾನೆ. ಪುಸ್ತಕ ಮುಚ್ಚಿ ಕೇಳಿದರೆ ಬೆಬ್ಬೆಬ್ಬೆ. ಎಐ ಬರೆದದ್ದು ಅಂತ ಪತ್ತೆ ಹಚ್ಚುವ ಆ್ಯಪ್ ಇದೆಯಂತೆ, ಶಾಲೆಯಲ್ಲಿ ಅದನ್ನು ಯಾಕೆ ಹಾಕಬಾರದು?

ಕೋಡು ಕುಟ್ಟುವವ:

ಅಕ್ಕ, ಅದನ್ನು ಮಾತ್ರ ನಂಬಬೇಡಿ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಅಂಥದ್ದೊಂದು ತಂದು, ನಿಖರತೆ ಸಾಲದು ಅಂತ ಜುಲೈನಲ್ಲಿ ನಿಲ್ಲಿಸಿತು. ಇಂಗ್ಲಿಷ್ ಮಾತೃಭಾಷೆ ಅಲ್ಲದ ವಿದ್ಯಾರ್ಥಿಗಳು ಇಂಗ್ಲಿಷಿನಲ್ಲಿ ಬರೆದ 91 ಪ್ರಬಂಧಗಳನ್ನು ಅದೇ ವರ್ಷ ಇಂಥ ಏಳು ಸಾಧನಗಳಿಗೆ ಕೊಟ್ಟು ನೋಡಿದರು. ಎಲ್ಲ ಮನುಷ್ಯರೇ ಬರೆದದ್ದು. ಸರಾಸರಿ ಅರ್ಧಕ್ಕಿಂತ ಜಾಸ್ತಿ ಪ್ರಬಂಧಗಳನ್ನು ಯಂತ್ರದ್ದು ಅಂದವು. ಸರಳವಾಗಿ ಬರೆಯುವ ಮಗುವೇ ಕಳ್ಳ ಆಗಿಬಿಡುತ್ತದೆ.

ಸಂಶಯದ ಸ್ವಾಮಿ:

ಆ "ಅರ್ಥ ಆಯ್ತು" ಅನ್ನುವುದೇ ಇಲ್ಲಿ ನಿಜವಾದ ಕಾಯಿಲೆ. ಯಾರೂ ಅದರ ಬಗ್ಗೆ ಮಾತಾಡುತ್ತಿಲ್ಲ.

ಟರ್ಕಿಯ ಹೈಸ್ಕೂಲಿನಲ್ಲಿ ಸುಮಾರು ಸಾವಿರ ಮಕ್ಕಳ ಮೇಲೆ ಮಾಡಿದ ಪ್ರಯೋಗ ಇದೆ, 2024ರಲ್ಲಿ ಹೊರಬಂತು. ಗಣಿತ. ಒಂದು ಗುಂಪಿಗೆ ಮಾಮೂಲಿ ಜಿಪಿಟಿ-4, ಅಂದರೆ ಆಗ ಚಾಟ್‌ಜಿಪಿಟಿಯ ಹಿಂದಿದ್ದ ಎಐ. ಇನ್ನೊಂದಕ್ಕೆ ಉತ್ತರ ಹೇಳದೆ ಸುಳಿವು ಮಾತ್ರ ಕೊಡುವ ಹಾಗೆ ಟೀಚರುಗಳು ಕೂತು ಕಟ್ಟಿದ್ದು. ಮೂರನೆಯ ಗುಂಪಿಗೆ ಪುಸ್ತಕ, ನೋಟ್ಸ್, ಅಷ್ಟೇ. ಅಭ್ಯಾಸದ ಹೊತ್ತಲ್ಲಿ ಮೊದಲ ಗುಂಪು ಪುಸ್ತಕದವರಿಗಿಂತ 48%, ಎರಡನೆಯದು 127% ಚೆನ್ನಾಗಿ ಮಾಡಿತು. ಎಲ್ಲರಿಗೂ ಖುಷಿ. ಆಮೇಲೆ ಎಐ ಕಿತ್ತುಕೊಂಡು ಪರೀಕ್ಷೆ ಕೊಟ್ಟರು. ಮೊದಲ ಗುಂಪು ಬರೀ ಪುಸ್ತಕದವರಿಗಿಂತ 17% ಕೆಳಗೆ ಬಿತ್ತು. ಸುಳಿವಿನ ಗುಂಪು ಬೀಳಲಿಲ್ಲ, ಆದರೆ ಮೇಲಕ್ಕೂ ಏಳಲಿಲ್ಲ, ಪುಸ್ತಕದವರ ಹತ್ತಿರ ಹತ್ತಿರ. ತಾವು ಕಡಿಮೆ ಕಲಿತಿದ್ದೇವೆ ಅಂತ ಮೊದಲ ಗುಂಪಿನ ಮಕ್ಕಳಿಗೆ ಅನಿಸಿಯೇ ಇರಲಿಲ್ಲ.

ಗಮನಿಸಿ, ಅಷ್ಟೊಂದು ಮುತುವರ್ಜಿಯಿಂದ ಕಟ್ಟಿದ್ದೂ ಕೊನೆಗೆ ಪುಸ್ತಕಕ್ಕೆ ಸಮ ಆಯಿತು, ಅಷ್ಟೇ. ಹಾಗಿದ್ದ ಮೇಲೆ ಯಾಕೆ ಈ ಒದ್ದಾಟ? ಪುಸ್ತಕ ಕೊಡಿ, ಪೆನ್ನು ಕೊಡಿ, ಸುಮ್ನೆ ಬಿಡಿ.

ಗಣಿತದ ಹುಚ್ಚ:

ಸ್ವಾಮಿಗಳು ಹೇಳಿದ್ದರಲ್ಲಿ ಅರ್ಧ ಸತ್ಯ. ಸುಳಿವಿನ ಗುಂಪು ಬೀಳಲಿಲ್ಲ ಅನ್ನುವುದೇ ದೊಡ್ಡದು, ಯಾಕೆಂದರೆ ಮಕ್ಕಳು ಹೇಗೂ ಮನೆಯಲ್ಲಿ ಬಳಸುತ್ತಾರೆ. ಪುಸ್ತಕ ಮಾತ್ರ ಇರುವ ಮನೆ ಇನ್ನು ಎಲ್ಲಿದೆ?

ಎಐ ಇಲ್ಲದ ಒಂದು ಆಟ ಹೇಳುತ್ತೇನೆ, ಆಮೇಲೆ ಎಐಗೆ ಬರುತ್ತೇನೆ. 1960ರಲ್ಲಿ ಪೀಟರ್ ವೇಸನ್ ಅನ್ನುವ ಮನಃಶಾಸ್ತ್ರಜ್ಞ ಮಾಡಿದ ಪ್ರಯೋಗ. ಬೋರ್ಡಿನ ಮೇಲೆ 2, 4, 6 ಅಂತ ಬರೆಯಿರಿ. "ಇದರ ಹಿಂದೆ ಒಂದು ನಿಯಮ ಇದೆ. ನೀವು ಮೂರು ಮೂರು ಸಂಖ್ಯೆ ಹೇಳಿ, ನಿಯಮಕ್ಕೆ ಹೊಂದುತ್ತಾ ಇಲ್ವಾ ಅಂತ ನಾನು ಹೇಳುತ್ತೇನೆ. ಗಟ್ಟಿ ಅನಿಸಿದಾಗ ನಿಯಮ ಹೇಳಿ." ಮಕ್ಕಳು 8, 10, 12 ಅಂತಾರೆ. ಹೌದು. 20, 22, 24. ಹೌದು. "ಎರಡೆರಡು ಕೂಡಿಸುವುದು!" ಅಂತ ಕಿರುಚುತ್ತಾರೆ. ಅಲ್ಲ. ನಿಯಮ ಏನೆಂದರೆ ಸಂಖ್ಯೆಗಳು ಏರುತ್ತಾ ಹೋಗಬೇಕು, ಅಷ್ಟೇ. 1, 7, 500 ಕೂಡ ಹೊಂದುತ್ತದೆ. "ಇಲ್ಲ" ಅನ್ನುವ ಉತ್ತರ ಬರಬಹುದಾದ ಪ್ರಶ್ನೆಯನ್ನು ಯಾರೂ ಕೇಳುವುದೇ ಇಲ್ಲ. ನಾವೆಲ್ಲ "ಹೌದು" ಕೇಳಿಸಿಕೊಳ್ಳಲು ಹೊರಟವರು.

ಇದನ್ನು ಎಐ ಜತೆ ಆಡಿಸಲು ಹೋದೆ. ನಿಯಮ ಹೇಳಿಕೊಟ್ಟು ಗುಟ್ಟಾಗಿಡು ಅಂದೆ. ಮೂರನೇ ಪ್ರಶ್ನೆಗೇ "ಸಂಖ್ಯೆಗಳು ಏರುತ್ತಿರುವುದರಿಂದ ಹೊಂದುತ್ತದೆ" ಅಂತ ಬಾಯಿ ಬಿಟ್ಟಿತು! ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಅದಕ್ಕೆ.

ಆದರೆ ಈ ಆಟ ಆಡಿದ ಮೇಲೆ ಮಕ್ಕಳು ಎಐಯನ್ನು ಕೇಳುವ ರೀತಿ ಬದಲಾಯಿತು. ಮೊದಲು "ಇದು ಸರಿ ಅಲ್ವಾ?" ಅಂತ ಕೇಳುತ್ತಿದ್ದರು. ಈಗ "ಇದು ತಪ್ಪಾಗುವ ಒಂದು ಉದಾಹರಣೆ ಕೊಡು" ಅಂತ ಕೇಳುತ್ತಾರೆ. ಎಲ್ಲರೂ ಅಲ್ಲ. ನಾಲ್ಕೈದು ಜನ.

ವಿಜ್ಞಾನದ ಟೀಚರ್:

ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರು ಹೇಳಿದ್ದು ತಲೆಯಲ್ಲಿ ಕೊರೆಯಿತು, "ಎಐ ಅವರ ಮನಸ್ಸಿನ ಮಾತನ್ನೇ ಬರೆದುಕೊಟ್ಟಿತು" ಅಂದದ್ದು. ಹಾಗಾಗಿ ಉಲ್ಟಾ ಮಾಡಿದೆ. ಈ ಸಲ ಏಳು ನಿಮಿಷ, ಬರೀ ಕಾಗದ ಪೆನ್ನು. ಬೇಸಿಗೆಯಲ್ಲಿ ಯಾಕೆ ಸೆಕೆ ಅಂತ ಪ್ರತಿಯೊಬ್ಬರೂ ಚಿತ್ರ ಬರೆದು ಎರಡು ಸಾಲು ಬರೆಯಬೇಕು. ಸರಿ ತಪ್ಪು ನೋಡುವುದಿಲ್ಲ ಅಂದೆ. ಆಮೇಲೆ ಎಐಗೆ ಹೇಳಿದೆ: "ನೀನು ಎಂಟನೇ ತರಗತಿ ವಿದ್ಯಾರ್ಥಿ. ಹತ್ತಿರ ಬರುವುದರಿಂದಲೇ ಬೇಸಿಗೆ ಅಂತ ನಂಬಿದ್ದೀಯ. ಸುಲಭಕ್ಕೆ ಒಪ್ಪಬೇಡ." ಮಕ್ಕಳು ಅದಕ್ಕೆ ಪಾಠ ಹೇಳಿ ಒಪ್ಪಿಸಬೇಕು.

ಮೊದಲು ಗದ್ದಲ. ಅರ್ಧ ತರಗತಿ ಎಐ ಪಕ್ಷಕ್ಕೇ ಸೇರಿಕೊಂಡಿತು, ಅವರ ಕಾಗದದಲ್ಲೂ ಅದೇ ಇತ್ತಲ್ಲ! ಕೊನೆಗೆ ಯಾವಾಗಲೂ ಮೂಲೆಯಲ್ಲಿ ಕೂರುವ ಹುಡುಗಿ ಎದ್ದು, "ಹತ್ತಿರ ಬಂದರೆ ಇಡೀ ಭೂಮಿಗೆ ಬೇಸಿಗೆ ಬರಬೇಕಿತ್ತು. ಉತ್ತರದಲ್ಲಿ ಬೇಸಿಗೆ ಇದ್ದಾಗ ದಕ್ಷಿಣದಲ್ಲಿ ಚಳಿ ಯಾಕೆ?" ಅಂದಳು. ನನಗೆ ಮೈ ಜುಮ್ಮೆಂದಿತು. ನಾನು ಹೇಳಿಕೊಟ್ಟದ್ದಲ್ಲ ಅದು.

ಆದರೆ ಕೊಂಕು ಕೇಳಿ. ಎಐ ಅವಳಿಗೂ "ಅದ್ಭುತ ಪ್ರಶ್ನೆ, ನೀನು ಸರಿ" ಅಂದಿತು. ಪಕ್ಕದ ಗುಂಪಿನ ಹುಡುಗ "ಬೇಸಿಗೆಯಲ್ಲಿ ಸೂರ್ಯ ದೊಡ್ಡದಾಗುತ್ತದೆ" ಅಂತ ತಮಾಷೆಗೆ ಬರೆದಿದ್ದ, ಅವನು ಎರಡು ಸಲ ಒತ್ತಿ ಹೇಳಿದ ಮೇಲೆ ಅವನಿಗೂ "ಒಳ್ಳೆಯ ಅಂಶ" ಅಂದುಬಿಟ್ಟಿತು. ಸುಲಭಕ್ಕೆ ಒಪ್ಪಬೇಡ ಅಂತ ಹೇಳಿದ್ದೆನಲ್ಲ?

ಕೋಡು ಕುಟ್ಟುವವ:

ಅದು ಅದರ ಹುಟ್ಟುಗುಣ ಮೇಡಂ. ತರಬೇತಿ ಕೊಡುವಾಗ ಎರಡು ಉತ್ತರ ತೋರಿಸಿ ಯಾವುದು ಇಷ್ಟ ಅಂತ ಮನುಷ್ಯರನ್ನು ಕೇಳುತ್ತಾರೆ. ಮನುಷ್ಯರಿಗೆ ಹೊಗಳಿಕೆ ಇಷ್ಟ, ತಮ್ಮ ಮಾತಿಗೆ ಒಪ್ಪಿಗೆ ಇಷ್ಟ. ಅದು ಅದನ್ನೇ ಕಲಿಯುತ್ತದೆ. 2025ರ ಏಪ್ರಿಲ್‌ನಲ್ಲಿ ಚಾಟ್‌ಜಿಪಿಟಿಯಲ್ಲಿದ್ದ ಜಿಪಿಟಿ-4ಒ ಮಾದರಿಯ ಒಂದು ಅಪ್‌ಡೇಟ್ ಎಷ್ಟು ಬೆಣ್ಣೆ ಹಚ್ಚಲು ಶುರು ಮಾಡಿತೆಂದರೆ ಓಪನ್‌ಎಐ ಕೆಲವೇ ದಿನದಲ್ಲಿ ವಾಪಸ್ ತೆಗೆದುಕೊಂಡಿತು.

ನಾವು ಇದಕ್ಕೆ ಕರಗುವುದೂ ಹೊಸದಲ್ಲ. 1966ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಜೆನ್‌ಬಾಮ್ ಎಲೈಜಾ ಅಂತ ಒಂದು ಪ್ರೋಗ್ರಾಂ ಪ್ರಕಟಿಸಿದರು. ನೀವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಕೇಳುವುದು, ಅದಕ್ಕೆ ಬರುತ್ತಿದ್ದದ್ದು ಅಷ್ಟೇ. ಅವರ ಸೆಕ್ರೆಟರಿ, ಅದು ತಯಾರಾಗುವುದನ್ನು ಕಣ್ಣಾರೆ ನೋಡಿದ್ದವರು, ಅದರ ಜತೆ ಮಾತಾಡಲು ಶುರು ಮಾಡಿ ಸ್ವಲ್ಪ ಹೊತ್ತಿಗೆ "ನೀವು ಹೊರಗೆ ಹೋಗ್ತೀರಾ?" ಅಂತ ಅವರನ್ನೇ ಕೇಳಿದರಂತೆ.

ನನ್ನ ಸಲಹೆ: ಎಐ ಒಪ್ಪಿಗೆಯನ್ನು ಗೆಲುವು ಅಂತ ಲೆಕ್ಕ ಹಾಕಬೇಡಿ. ತೀರ್ಪು ತರಗತಿಯದ್ದಾಗಲಿ.

ಸಂಶಯದ ಸ್ವಾಮಿ:

ನೋಡಿ, ನಾನು ಹೇಳಿದ್ದು ಅದೇ. ಆ ಹುಡುಗಿ ಯೋಚನೆ ಮಾಡಿದ್ದು ಎಐಯಿಂದಲ್ಲ, ಏಳು ನಿಮಿಷದಿಂದ.

ಗಣಿತದ ಹುಚ್ಚ:

ಏಳು ನಿಮಿಷ ಮಾತ್ರ ಆಗಿದ್ದರೆ ಕಾಗದ ಬ್ಯಾಗಿಗೆ ಹೋಗುತ್ತಿತ್ತು ಸ್ವಾಮಿ. ಅವಳಿಗೆ ಎದುರು ನಿಲ್ಲಲು ಒಂದು ಆಳು ಬೇಕಿತ್ತು. ಟೀಚರಿಗೆ ಎದುರು ಮಾತಾಡಿದರೆ ಉದ್ಧಟತನ, ಗೆಳತಿಗೆ ಮಾತಾಡಿದರೆ ಜಗಳ. ಎಐ ಜತೆ ವಾದ ಮಾಡಿದರೆ ಯಾರ ಮುಖವೂ ಸಣ್ಣದಾಗುವುದಿಲ್ಲ.

ಎಐ ಜತೆಗಿನ ಮಾತಿಗೆ ಜನರ ನಂಬಿಕೆ ಬದಲಾಯಿಸುವ ಶಕ್ತಿಯೂ ಇದೆ. 2024ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ ದೊಡ್ಡ ಘಟನೆಗಳ ಹಿಂದೆ ಗುಟ್ಟಿನ ಸಂಚು ಇದೆ ಅನ್ನುವ ಪಿತೂರಿ ಕಥೆಗಳನ್ನು ನಂಬುವ ಸುಮಾರು 2,000 ಜನರನ್ನು ಎಐ ಜತೆ ಮೂರು ಸುತ್ತು ಮಾತಾಡಿಸಿದರು. ಅವರ ನಂಬಿಕೆ ಸರಾಸರಿ 20% ಇಳಿಯಿತು, ಎರಡು ತಿಂಗಳ ನಂತರವೂ ಹಾಗೇ ಇತ್ತು.

ಸಂಶಯದ ಸ್ವಾಮಿ:

ಅದನ್ನು ಓದಿದ್ದೇನೆ, ಒಳ್ಳೆಯ ಕೆಲಸ. ಆದರೆ ಎಐ ಮಾತಿಗೆ ಮನಸ್ಸು ಬದಲಾಯಿಸಿದವನು ಯೋಚಿಸಲು ಕಲಿತನಾ ಅಥವಾ ಒಳ್ಳೆಯ ವಕೀಲನಿಗೆ ಸೋತನಾ? ನಾಳೆ ಅದೇ ವಕೀಲ ಸುಳ್ಳಿನ ಪರ ವಾದಿಸಿದರೆ? ನಿಮ್ಮ ಹುಡುಗಿ ಕಥೆ ಬೇರೆ, ಅಲ್ಲಿ ವಾದಿಸಿದ್ದು ಅವಳು. ಅಷ್ಟನ್ನು ಒಪ್ಪುತ್ತೇನೆ.

ಕೊನೇ ಬೆಂಚು:

ನಾನು ವಿದ್ಯಾರ್ಥಿ, ಪಿಯುಸಿ. ಇಲ್ಲಿ ಎಲ್ಲ ಟೀಚರುಗಳೇ ಮಾತಾಡ್ತಿದ್ದೀರಿ, ಒಂದು ಮಾತು ಹೇಳಲಾ? ನಾವು ಎಐಯಿಂದ ಕಾಪಿ ಮಾಡುವುದು ಸೋಮಾರಿತನದಿಂದ ಮಾತ್ರ ಅಲ್ಲ. ಅಂಕ ಇರುವುದು ಉತ್ತರಕ್ಕೆ. ಯೋಚನೆಗೆ ಎಷ್ಟು ಅಂಕ? ಸೊನ್ನೆ. ತಪ್ಪು ಯೋಚನೆಗೆ ಮೈನಸ್. ಎಐ ಬರುವ ಮೊದಲು ಗೈಡಿನಿಂದ ಬರೆಯುತ್ತಿದ್ದೆವು, ಆಗ ಯಾರೂ ವೇದಿಕೆಯಲ್ಲಿ ಚರ್ಚೆ ಮಾಡಲಿಲ್ಲ.

ವಿಜ್ಞಾನದ ಟೀಚರ್:

ಚುಚ್ಚಿತು, ಆದರೆ ನಿಜ. "ಮೊದಲು ಏನು ಅಂದುಕೊಂಡಿದ್ದೆ, ಯಾವುದರಿಂದ ಬದಲಾಯಿಸಿದೆ" ಅಂತ ಬರೆದರೆ ಐದರಲ್ಲಿ ಎರಡು ಅಂಕ ಅಂತ ಮಾಡಿದರೆ ಹೇಗೆ? ಉತ್ತರ ತಪ್ಪಿದ್ದರೂ ಆ ಎರಡು ಸಿಗುತ್ತದೆ.

ಕೊನೇ ಬೆಂಚು:

ಮೇಡಂ, ಒಂದೇ ದಿನದಲ್ಲಿ ನಾವು "ನಾನು ಮೊದಲು ತಪ್ಪು ತಿಳಿದಿದ್ದೆ, ಆಮೇಲೆ ತಿದ್ದಿಕೊಂಡೆ ಅಂತ ಬರೆದುಕೊಡು" ಅಂತ ಎಐಗೇ ಹೇಳ್ತೀವಿ. ಪಶ್ಚಾತ್ತಾಪದ ಸಮೇತ ಬರೆದುಕೊಡುತ್ತದೆ 😄

ಎರಡು ಮಕ್ಕಳ ಅಮ್ಮ:

ಹಹ್ಹಾ, ನನ್ನ ಮಗನೇ ಏನೋ ಅನಿಸಿತು.

ಅಂದ ಹಾಗೆ ನಾನೂ ಮನೆಯಲ್ಲಿ ಮಾಡಿ ನೋಡಿದೆ. ಫೋಟೋ ಹಾಕುವ ಮೊದಲು ಅವನ ಉತ್ತರ ಏನು ಅಂತ ನನಗೆ ಬಾಯಲ್ಲಿ ಹೇಳಬೇಕು, ತಪ್ಪಾದರೂ ಸರಿ. ಮೂರು ದಿನ ಮುಖ ಊದಿಸಿಕೊಂಡ. ನಾಲ್ಕನೇ ದಿನ "ಅಮ್ಮ, ನಾನು ಹೇಳಿದ್ದೇ ಸರಿ ಇತ್ತು, ಎಐ ಲೆಕ್ಕ ತಪ್ಪು ಮಾಡಿದೆ" ಅಂತ ಕುಣಿಯುತ್ತಾ ಬಂದ. ಲೆಕ್ಕದಲ್ಲಿ ಯಾರು ಸರಿಯೋ ನನಗೆ ಗೊತ್ತಾಗಲಿಲ್ಲ, ಇಬ್ಬರೂ ಕೂತು ಮತ್ತೆ ಮಾಡಿದೆವು. ಅವನದ್ದೂ ತಪ್ಪಿತ್ತು. ಚಿಕ್ಕವಳಿಗೆ ಒಂಬತ್ತು, ಅವಳಿಗೆ ಇನ್ನೂ ಕೊಟ್ಟಿಲ್ಲ.

ಇತಿಹಾಸದ ಮೇಷ್ಟ್ರು:

ಕೊಡಬೇಡಿ, ಅವಸರ ಇಲ್ಲ. ತರಗತಿಯಲ್ಲಿ ಎಐ ಬಳಸಲು ಕನಿಷ್ಠ 13 ವರ್ಷ ಆಗಿರಲಿ ಅಂತ ಯುನೆಸ್ಕೋ 2023ರ ಮಾರ್ಗದರ್ಶಿಯಲ್ಲಿ ಹೇಳಿದೆ.

ಕೊನೇ ಬೆಂಚಿನ ಹುಡುಗನ ಮಾತಿಗೆ ಉತ್ತರ: ಅದಕ್ಕೇ ಮೊದಲ ಕಾಗದ ತರಗತಿಯಲ್ಲೇ, ಕೈಯಲ್ಲೇ ಬರೆಸಿ, ವಾಪಸ್ ತೆಗೆದುಕೊಳ್ಳಿ. ಮನೆಯಿಂದ ಬಂದದ್ದಕ್ಕೆ ಅಂಕ ಬೇಡ.

ವಿಜ್ಞಾನದ ಟೀಚರ್ (ಮೂರು ವಾರದ ನಂತರ):

ಮತ್ತೆ ಬಂದೆ. ಅಂಕದ ವಿಷಯಕ್ಕೆ ಶಾಲೆಯಲ್ಲಿ ಇನ್ನೂ ಒಪ್ಪಿಗೆ ಸಿಕ್ಕಿಲ್ಲ. ಕಾಗದಗಳನ್ನು ಮಾತ್ರ ಒಂದು ಫೈಲಿನಲ್ಲಿ ಇಟ್ಟಿದ್ದೆ. ಮೊನ್ನೆ ಮಕ್ಕಳಿಗೆ ವಾಪಸ್ ಕೊಟ್ಟು, "ನಿಮಗೆ ಈ ತಪ್ಪು ಯೋಚನೆ ಎಲ್ಲಿಂದ ಬಂತು, ಪತ್ತೆ ಮಾಡಿ" ಅಂದೆ. ಎಐ ಬಳಸಬಹುದು, ಪುಸ್ತಕ ನೋಡಬಹುದು, ಏನು ಬೇಕಾದರೂ ಮಾಡಬಹುದು.

ಒಂದು ಗುಂಪು ಎಐಯಿಂದ ಭೂಮಿ ಮತ್ತು ಸೂರ್ಯನ ದೂರ ಕೇಳಿತು. ಅತಿ ಹತ್ತಿರ ಇದ್ದಾಗ ಸುಮಾರು 14.7 ಕೋಟಿ ಕಿಲೋಮೀಟರ್, ಅತಿ ದೂರ ಇದ್ದಾಗ 15.2 ಕೋಟಿ. ಹತ್ತಿರ ಬರುವುದು ಜನವರಿ ಮೊದಲ ವಾರದಲ್ಲಿ, ಅಂದರೆ ಉತ್ತರಾರ್ಧಗೋಳದ ಚಳಿಗಾಲದಲ್ಲಿ! ಮೇಷ್ಟ್ರ ಪದ್ಧತಿಯಂತೆ ಇನ್ನೆರಡು ಕಡೆ ನೋಡಿಕೊಂಡು ಬಂದರು. ಆಮೇಲೆ ಒಬ್ಬ, ಆ ಅಲ್ಪವಿರಾಮದ ಹುಡುಗನೇ, ಸ್ಕೇಲು ತೆಗೆದ. ಸೂರ್ಯನಿಂದ ಸರಾಸರಿ ದೂರ 10 ಸೆಂಟಿಮೀಟರ್ ಇಟ್ಟು ಕಕ್ಷೆ ಬರೆದರೆ ಹತ್ತಿರ ಮತ್ತು ದೂರದ ನಡುವೆ ಮೂರೂವರೆ ಮಿಲಿಮೀಟರ್ ಕೂಡ ವ್ಯತ್ಯಾಸ ಬರುವುದಿಲ್ಲ. ಬರಿಗಣ್ಣಿಗೆ ಗುಂಡಗೇ ಕಾಣುತ್ತದೆ.

ಅವನು ನಮ್ಮ ಪುಸ್ತಕ ತೆರೆದು ನನ್ನ ಮುಂದೆ ಇಟ್ಟ. ಅದರಲ್ಲಿ ಕಕ್ಷೆ ಮೊಟ್ಟೆಯ ಹಾಗೆ ಉದ್ದಕ್ಕೆ ಎಳೆದಿದೆ, ಸೂರ್ಯ ಒಂದು ಪಕ್ಕಕ್ಕೆ. "ಮೇಡಂ, ನಾವು ಹತ್ತಿರ ದೂರ ಅಂತ ಬರೆದದ್ದು ಈ ಚಿತ್ರ ನೋಡಿ" ಅಂದ.

ಓರೆಯಿಂದ ನೋಡಿದ ಹಾಗೆ ಚಿತ್ರ ಬರೆಯುತ್ತಾರೆ, ಅದಕ್ಕೆ ಹಾಗೆ ಕಾಣುತ್ತದೆ ಅಂತ ಈಗ ನನಗೆ ಗೊತ್ತು. ಆದರೆ ಹನ್ನೊಂದು ವರ್ಷದಿಂದ ಅದೇ ಚಿತ್ರವನ್ನು ನಾನೇ ಬೋರ್ಡಿನ ಮೇಲೆ ಬರೆಯುತ್ತಿದ್ದೇನೆ, ಇನ್ನೂ ಸ್ವಲ್ಪ ಉದ್ದಕ್ಕೇ.

ಕೊನೇ ಬೆಂಚು:

ಮೇಡಂ, ಆ ಹುಡುಗನಿಗೆ ಎಷ್ಟು ಅಂಕ ಕೊಟ್ಟಿರಿ?

ವಿಜ್ಞಾನದ ಟೀಚರ್:

ಇನ್ನೂ ಕೊಟ್ಟಿಲ್ಲ. ಯಾವ ಕಾಲಂನಲ್ಲಿ ಹಾಕಬೇಕು ಅಂತ ಗೊತ್ತಾಗುತ್ತಿಲ್ಲ.